ಅಜ್ಜಿಯ ಮುಡಿಪು

ಅಜ್ಜಿಯ ವರ್ಷಾಂತಿಕ ಕಳೆದ ಮೇಲೆ ಉಗ್ರಾಣ ಕ್ಲೀನ್ ಮಾಡುವಾಗ ಅಕ್ಕಿ ಡಬ್ಬದ ಅಡಿಯಲ್ಲಿ ಅರಸಿನ ಬಟ್ಟೆಯ ಸಣ್ಣ ಗಂಟು ಸಿಕ್ಕಿತು ಅಂತ ಅಮ್ಮ ಮಸ್ಕತ್ತಿಗೆ ಫೋನ್ ಮಾಡಿ ಹೇಳಿದ್ರು. ಒಳಗೆ ಹನ್ನೊಂದು ರೂಪಾಯಿ ಚಿಲ್ಲರೆ, ಮತ್ತೆ ಪೆನ್ಸಿಲಲ್ಲಿ ಬರೆದ ಚೀಟಿ, "ಪುಳ್ಳಿ ಸೌಖ್ಯಲ್ಲಿ ಬಂದರೆ ಮಧೂರಿಂಗೆ ಅಪ್ಪ ಸೇವೆ."

ಪುಳ್ಳಿ ಅಂದ್ರೆ ಮೊಮ್ಮಗ, ನಾನು. ಮಧೂರು ಅಂದ್ರೆ ಕಾಸರಗೋಡಲ್ಲಿ ನಮ್ಮ ಊರಿನ ಹತ್ತಿರದ, ಗಣಪತಿಗೆ ಹೆಸರಾದ ದೇವಸ್ಥಾನ, ಅಪ್ಪ ಅಂದ್ರೆ ಅಲ್ಲಿ ನೈವೇದ್ಯ ಮಾಡುವ ಬೆಲ್ಲ ತುಪ್ಪದ ತಿಂಡಿ. 2008ರಲ್ಲಿ ಗಲ್ಫಿಗೆ ಹೋದವ, ಆಮೇಲೆ ಎಷ್ಟೋ ಸಲ ಊರಿಗೆ ಬಂದಿದ್ದೆ, ಬಂದಾಗೆಲ್ಲ ಮಧೂರಿಗೂ ಹೋಗಿದ್ದೆ, ಮತ್ತೆ ಈ ಹರಕೆ ಯಾಕೆ ಬಾಕಿ ಆಯ್ತು ಅಂತ ಕೇಳಿದ್ದಕ್ಕೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜಿ ಹೇಳ್ತಿದ್ದ ಮಾತು ಹೇಳಿದ್ರು, "ಅಂವ ಬಂದದಲ್ಲ, ರಜೆಲಿ ಬಂದದು."

ಆ ರಾತ್ರಿ ನಿದ್ದೆ ಬರಲಿಲ್ಲ.

ಮಸ್ಕತ್ತಲ್ಲಿ ಕನ್ನಡದವರು ಸಿಕ್ಕಿದ್ರೆ "ಕಾಸರಗೋಡಾ, ಕೇರಳ ಅಲ್ವಾ" ಅಂತಾರೆ, ಮಲಯಾಳಿಗಳು ನನ್ನ ಮಲಯಾಳ ಕೇಳಿ "ಕರ್ನಾಟಕವಾ" ಅಂತಾರೆ. 1956ರ ನವೆಂಬರ್ 1ಕ್ಕೆ ನಮ್ಮ ಊರು ಕೇರಳಕ್ಕೆ ಸೇರಿದ್ದು ಅಜ್ಜನಿಗೆ ಕೊನೆತನಕ ನೋವೇ. ಅಜ್ಜಿ ಮಾತ್ರ ಊರು ಯಾವುದು ಅಂತ ಯಾರು ಕೇಳಿದ್ರೂ "ಮಧೂರ ಹತ್ರೆ" ಅಂತ ಹೇಳ್ತಿದ್ರು, ಅವರಿಗೆ ಅಷ್ಟೇ ಸಾಕಿತ್ತು.

1992ರಲ್ಲಿ ಮಧೂರಲ್ಲಿ ಮೂಡಪ್ಪ ಸೇವೆ, ಅಂದ್ರೆ ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಸೇವೆ, ಆದಾಗ ನಂಗೆ ಏಳು ವರ್ಷ, ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದು. ಅಷ್ಟು ದೊಡ್ಡ ಗಣಪತಿ ಅಪ್ಪದ ರಾಶಿಯೊಳಗೆ ಮುಚ್ಚಿ ಹೋಗಿದ್ದ. ಅಲ್ಲಿ ಮೂಲದೇವರು ಮದನಂತೇಶ್ವರ, ಶಿವ. ಗಣಪತಿ ಗರ್ಭಗುಡಿಯ ದಕ್ಷಿಣದ ಗೋಡೆಯಲ್ಲಿ ಒಬ್ಬ ಮಾಣಿ ಆಟಕ್ಕೆ ಬಿಡಿಸಿದ ಚಿತ್ರ, ಅದು ಬೆಳೀತಾ ದಪ್ಪ ಆಗ್ತಾ ಹೋಗಿ ಬೊಡ್ಡಜ್ಜ ಅಂತ ಹೆಸರಾಯ್ತು, ಈ ಕಥೆ ಅಜ್ಜಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಅಜ್ಜಿ ಪ್ರಸಾದದ ಅಪ್ಪ ಕೈಗಿಟ್ಟು "ನೆಲಕ್ಕೆ ಬೀಳ್ಸೆಡ", ಬೀಳಿಸಬೇಡ ಅಂದದ್ದು, ಬೆಲ್ಲ ತುಪ್ಪದ ಆ ಪರಿಮಳ ಎರಡು ದಿನ ಬೆರಳಲ್ಲೇ ಇದ್ದದ್ದು ಈಗಲೂ ನೆನಪುಂಟು.

ಮತ್ತೆ ಮೂಡಪ್ಪ ಆದದ್ದು 2025ರ ಏಪ್ರಿಲಲ್ಲಿ, ಮೂವತ್ತಮೂರು ವರ್ಷ ಕಳೆದು. ಲೀವ್ ಹಾಕಿ ಹೆಂಡತಿ ಮಗಳ ಜೊತೆ ಬಂದೆ. ಜನ ಅಂದ್ರೆ ಜನ, ಮಧುವಾಹಿನಿ ಹೊಳೆಯ ಕರೆಯಲ್ಲೆಲ್ಲ ಜನ. ಈ ಸಲ ಮಗಳು ನನ್ನ ಹೆಗಲ ಮೇಲೆ. ರಶ್ಶು ಇಳಿದ ಮೇಲೆ ಇನ್ನೊಂದು ದಿನ ಹೋಗಿ ಅಪ್ಪ ಸೇವೆಗೆ ರಶೀದಿ ಮಾಡಿಸಿದೆ. ಸಂಕಲ್ಪಕ್ಕೆ ಹೆಸರು ನಕ್ಷತ್ರ ಕೇಳಿದಾಗ ಗಂಟಲು ಕಟ್ಟಿತು, ಅಮ್ಮನೇ ಹೇಳಿದ್ರು.

ಬೊಡ್ಡಜ್ಜನ ಎದುರು ನಿಂತು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ. ನಾನು ಬಂದದ್ದಲ್ಲ ದೇವರೇ, ಈ ಸಲವೂ ರಜೆಯಲ್ಲೇ ಬಂದದ್ದು, ಸೌಖ್ಯದಲ್ಲಿ ಇಟ್ಟಿದ್ದೀಯಲ್ಲ ಅದಕ್ಕೆ ಅಜ್ಜಿಯ ಲೆಕ್ಕದಲ್ಲಿ ಇದನ್ನು ತಗೋ ಅಂತ ಕೇಳಿಕೊಂಡು ಹನ್ನೊಂದು ರೂಪಾಯಿಯನ್ನೂ ಭಂಡಾರಕ್ಕೆ ಹಾಕಿದೆ. ಖಾಲಿ ಬಟ್ಟೆ ಕೈಯಲ್ಲೇ ಉಳೀತು.

ಹೊರಡುವ ಹಿಂದಿನ ರಾತ್ರಿ ಅದೇ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಇಟ್ಟು, ಅಜ್ಜಿ ಬರೆದ ಮಾತನ್ನೇ ನನ್ನ ಕೈಯಲ್ಲಿ ಇನ್ನೊಂದು ಚೀಟಿಗೆ ಬರೆದು ಗಂಟು ಹಾಕಿದೆ, "ಸೌಖ್ಯಲ್ಲಿ" ಆದ ಮೇಲೆ "ಪೂರ್ತಿ" ಅಂತ ಒಂದು ಶಬ್ದ ಸೇರಿಸಿ. ಈಗ ಅದು ಮಸ್ಕತ್ತಲ್ಲಿ ನಮ್ಮ ಅಕ್ಕಿ ಡಬ್ಬದ ಅಡಿಯಲ್ಲಿ ಉಂಟು.