ಮಂಗಳೂರಿನಿಂದ ನಿಮ್ಹಾನ್ಸ್‌ಗೆ, ಚಿಕಿತ್ಸೆಯ ಚರಿತ್ರೆ ನೋಡಲು

ಮನೆಯಲ್ಲಿ ಯಾರಾದರೂ ವಿಪರೀತ ಹಠ ಹಿಡಿದರೆ ನಮ್ಮ ಅಜ್ಜಿ "ಇವನನ್ನು ಕಲ್ಲಿಕೋಟೆಗೇ ಕಳಿಸಬೇಕು" ಎನ್ನುತ್ತಿದ್ದರು. ಆ ಮಾತಿನ ಮೂಲ ನನಗೆ ತಿಳಿದದ್ದು ಬಹಳ ತಡವಾಗಿ. 1956ರವರೆಗೆ ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿತ್ತು. ಆ ಪ್ರಾಂತದ ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ನಮಗೆ ಹತ್ತಿರದ್ದು 1872ರಲ್ಲಿ ಕಲ್ಲಿಕೋಟೆಯ ಕುದಿರವಟ್ಟಂನಲ್ಲಿ ಆರಂಭವಾದದ್ದು. ಬೆಂಗಳೂರಿನ ಮಾನಸಿಕ ಆಸ್ಪತ್ರೆ, ಅಂದರೆ ಈಗಿನ ನಿಮ್ಹಾನ್ಸ್, ಮೈಸೂರು ಸಂಸ್ಥಾನದ್ದು. ಹಾಗಾಗಿ ಅದರ ಚರಿತ್ರೆಯನ್ನು ನೋಡಲು ಹೊರಟಾಗ ನೆರೆಮನೆಯ ಆಲ್ಬಂ ತೆರೆಯುವಂತಹ ಸಂಕೋಚ ನನಗಿತ್ತು.

ಮಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊರಟರೆ ಬೆಳಿಗ್ಗೆ ಬೆಂಗಳೂರು ತಲುಪಬಹುದು. ಮಳೆಗಾಲದಲ್ಲಿ ಸುಬ್ರಹ್ಮಣ್ಯ ಮತ್ತು ಸಕಲೇಶಪುರದ ನಡುವೆ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಆ ತಿಂಗಳುಗಳಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಪರಂಪರೆಯ ವಸ್ತುಸಂಗ್ರಹಾಲಯ ಮತ್ತು ಮೆದುಳಿನ ಮ್ಯೂಸಿಯಂ ಎರಡೂ ಇವೆ. ಯಾವ ದಿನ, ಯಾವ ಹೊತ್ತಿಗೆ ಪ್ರವೇಶ ಎಂಬುದನ್ನು ಫೋನ್ ಮಾಡಿ ಕೇಳಿಕೊಂಡೇ ಟಿಕೆಟ್ ಮಾಡಿಸಿ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನ ಪೇಟೆ ಪ್ರದೇಶದಲ್ಲಿ ಆರಂಭವಾದ ಈ ಆಸ್ಪತ್ರೆಯು 1925ರಲ್ಲಿ 'ಅಸೈಲಮ್' ಎಂಬ ಹೆಸರನ್ನು ಬಿಟ್ಟು 'ಮೆಂಟಲ್ ಹಾಸ್ಪಿಟಲ್' ಆಯಿತು. 1930ರ ದಶಕದಲ್ಲಿ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಇಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆದವು. ಇಷ್ಟನ್ನು ಮೊದಲೇ ಓದಿಕೊಂಡು ಹೋದರೆ ಸಾಲದು. ಚಿಕಿತ್ಸೆಗಳ ವರ್ಷಗಳೂ ನೆನಪಿನಲ್ಲಿರಬೇಕು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಮಲೇರಿಯಾ ಜ್ವರ ಬರಿಸಿಯೇ ಸಿಫಿಲಿಸ್‌ನಿಂದ ಬಂದ ಬುದ್ಧಿವಿಕಾರಕ್ಕೆ ಚಿಕಿತ್ಸೆ ಮಾಡತೊಡಗಿದರು, ಅದಕ್ಕೆ 1927ರಲ್ಲಿ ನೊಬೆಲ್ ಬಂತು. 1938ರಲ್ಲಿ ರೋಮ್‌ನಲ್ಲಿ ತಲೆಗೆ ವಿದ್ಯುತ್ ಹಾಯಿಸುವ 'ವಿದ್ಯುತ್ ಚಿಕಿತ್ಸೆ' ಆರಂಭವಾಯಿತು. ಕ್ಲೋರ್‌ಪ್ರೊಮಝೈನ್ ಎಂಬ ಔಷಧಿಯು ಮಾನಸಿಕ ರೋಗಿಗಳಿಗೆ ದೊರೆತದ್ದು 1952ರಲ್ಲಿ. ಈ ಕಾಲಕ್ರಮ ತಿಳಿಯದವರಿಗೆ ಹಳೆಯ ಚಿಕಿತ್ಸೆಯೆಲ್ಲ ಬರೀ ಕ್ರೌರ್ಯವಾಗಿ ಕಾಣುತ್ತದೆ. ಬೇರೆ ಏನೂ ಕೈಯಲ್ಲಿಲ್ಲದ ವೈದ್ಯರು ಜ್ವರವನ್ನೂ ಆಯುಧ ಮಾಡಿಕೊಂಡದ್ದು ನನಗೆ ಅರ್ಥವಾದದ್ದು ಹಾಗೆಯೇ. ಅಂದಹಾಗೆ, ವಿದ್ಯುತ್ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ, ಆದರೆ ಅರಿವಳಿಕೆ ಕೊಟ್ಟು; ಸಿನಿಮಾದಲ್ಲಿ ಕಂಡದ್ದನ್ನು ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗಿ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಉಪಕರಣಗಳಲ್ಲ, ಮರಗಳ ಕೆಳಗೆ ಬುತ್ತಿ ಬಿಚ್ಚಿ ಕುಳಿತ ರೋಗಿಗಳ ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಅಲ್ಲಿನ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯೊಡನೆ ಮನೆಯವರನ್ನೂ ಇರಿಸಿಕೊಂಡಿದ್ದರು. ಕಾಯಿಲೆಯವನನ್ನು ಬಿಟ್ಟುಹೋಗುವ ಜಾಗವು ಜೊತೆಗಿದ್ದು ನೋಡಿಕೊಳ್ಳುವ ಜಾಗವಾಗತೊಡಗಿದ್ದು ಇಂತಹ ಪ್ರಯೋಗಗಳಿಂದ. ಆದ್ದರಿಂದ ನನ್ನ ಕಟ್ಟುನಿಟ್ಟಿನ ಸಲಹೆ ಒಂದೇ: ಇದು ಇಂದಿಗೂ ನಡೆಯುತ್ತಿರುವ ಆಸ್ಪತ್ರೆ, ಆವರಣದಲ್ಲಿ ಮೊಬೈಲ್ ಎತ್ತಿ ಯಾರ ಚಿತ್ರವನ್ನೂ ತೆಗೆಯಬೇಡಿ. ನಮ್ಮ ಊರಿನಿಂದಲೇ ಬಂದವರು ಎದುರಾದರೂ ಅವರಾಗಿ ಮಾತನಾಡಿಸದ ಹೊರತು ಗುರುತು ಹಿಡಿದಂತೆ ತೋರಿಸಿಕೊಳ್ಳಬೇಡಿ. ಕಂಕನಾಡಿಯಲ್ಲಿ ಸುದ್ದಿ ಹರಡಲು ಒಂದು ಗಂಟೆ ಸಾಕು.

ಹೊರಡುವ ಮುನ್ನ ಪುನಶ್ಚೇತನ ವಿಭಾಗದವರು ನಡೆಸುವ ಬೇಕರಿಗೆ ಹೋಗಿ. ರಾತ್ರಿಯ ರೈಲಿಗೆಂದು ನಾನು ಕೊಂಡ ಬ್ರೆಡ್ಡು ಹಾಸನ ದಾಟುವ ಮೊದಲೇ ಮುಗಿದಿತ್ತು; ಎರಡು ಪೌಂಡಾದರೂ ಕೊಂಡುಕೊಳ್ಳಿ.