ಪರ್ಕಿನ್ಸ್ ಹೋದದ್ದಕ್ಕೆ ಇನ್ನೂ ಯಾಕೆ ಕೊರಗುತ್ತೀರಿ ಎಂದು ಕೇಳುವವರಿಗೆ

2011ರ ಫೆಬ್ರುವರಿ 24ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡ, ರಿಂಗಿನ ಕೆಳಗೆ ಕಾಯುವ ತನ್ನ ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್‌ನನ್ನು ಒಕ್ಲಹೋಮ ಸಿಟಿ ಥಂಡರ್ ತಂಡಕ್ಕೆ ಕೊಟ್ಟುಬಿಟ್ಟಿತು. ಅವನ ಜೊತೆ ನೇಟ್ ರಾಬಿನ್ಸನ್ ಕೂಡ ಹೋದ. ಬದಲಿಗೆ ಬಂದದ್ದು ಜೆಫ್ ಗ್ರೀನ್, ನೆನಾದ್ ಕ್ರಿಸ್ಟಿಚ್ ಮತ್ತು ಮುಂದೊಂದು ವರ್ಷ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಹಕ್ಕು. ನಾನು ಸೆಲ್ಟಿಕ್ಸ್ ಅಭಿಮಾನಿ ಎಂದು ಗೊತ್ತಾದ ಕೂಡಲೇ ಬ್ಯಾಸ್ಕೆಟ್‌ಬಾಲ್ ನೋಡುವ ಯಾರೇ ಆಗಲಿ ಕೇಳುವುದು ಇದನ್ನೇ: ಒಂದು ಪಂದ್ಯಕ್ಕೆ ಐದು ಅಂಕ ಹೊಡೆಯುವವನಿಗಾಗಿ ಇನ್ನೂ ಯಾಕೆ ಕೊರಗುತ್ತೀರಿ?

ಮೊದಲೆಲ್ಲ ಸಮಾಧಾನದಿಂದ ವಿವರಿಸುತ್ತಿದ್ದೆ. ಈಗ ಆ ಸಮಾಧಾನ ಉಳಿದಿಲ್ಲ. ಪ್ರಶ್ನೆಯಲ್ಲಿ ನನ್ನನ್ನು ಕೆರಳಿಸುವುದು ಆ ‘ಐದು ಅಂಕ’. ಸೋದರಮಾವನ ಮನೆಯ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದ ಮಾವನ ಮಗ ಎಡಗೈಯಲ್ಲಿ ಮೊಬೈಲ್ ಹಿಡಿದು, ಪರ್ಕಿನ್ಸ್‌ನ ಇಡೀ ವೃತ್ತಿಜೀವನದ ಸರಾಸರಿ ತೋರಿಸಿದ. “ನೋಡಿ ಭಾವ, 5.4 ಅಂಕ, 5.8 ರೀಬೌಂಡ್. ಇಂಥವನನ್ನು ಕಳುಹಿಸಿದ್ದಕ್ಕೆ ತಂಡ ಮುಳುಗಿತು ಎನ್ನುತ್ತೀರಲ್ಲ!” ಎಂದ. (ಗುರಿ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿದರೆ ಅದು ರೀಬೌಂಡ್.) ಸುತ್ತಲಿನವರು ನಕ್ಕರು. ಬಡಿಸುವವರು ಸಾರು ಹಿಡಿದು ಬಂದಿದ್ದರು, ಎಲೆಯಲ್ಲಿ ಅನ್ನ ಆರುತ್ತಿತ್ತು, ನಾನು ಮಾತ್ರ ಎದುರಾಳಿ ಸೆಂಟರ್ ಡ್ವೈಟ್ ಹೊವಾರ್ಡ್ ಬಗ್ಗೆ ಹೇಳಲು ಶುರು ಮಾಡಿದ್ದೆ. ಕೇಳಿಸಿಕೊಳ್ಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಅಲ್ಲಿ ಮುಗಿಸಲಾಗದ ಮಾತನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

2010ರ ಪೂರ್ವ ವಲಯದ ಫೈನಲ್‌ನಲ್ಲಿ ಸೆಲ್ಟಿಕ್ಸ್ ಎದುರು ಒರ್ಲಾಂಡೊ ಮ್ಯಾಜಿಕ್ ಇತ್ತು. ಆ ತಂಡದ ಆಟವೆಲ್ಲ ಹೊವಾರ್ಡ್ ಸುತ್ತ ಹೆಣೆದದ್ದು. ರಿಂಗಿನ ಹತ್ತಿರ ಅವನ ಕೈಗೆ ಚೆಂಡು ಬಂತೆಂದರೆ ಇತರ ತಂಡಗಳು ಇಬ್ಬರನ್ನು ಅವನ ಮೇಲೆ ಬಿಡುತ್ತಿದ್ದವು. ಆಗ ಹೊರಗೆ ಮೂರು ಅಂಕದ ಗೆರೆಯ ಆಚೆ ಯಾರೋ ಒಬ್ಬ ಒಂಟಿಯಾಗಿ ನಿಂತಿರುತ್ತಿದ್ದ, ಚೆಂಡು ಅವನಿಗೆ ಹೋಗುತ್ತಿತ್ತು. ಸೆಲ್ಟಿಕ್ಸ್‌ಗೆ ಇಬ್ಬರನ್ನು ಬಿಡುವ ಅಗತ್ಯವೇ ಬೀಳಲಿಲ್ಲ. ಆರು ಅಡಿ ಹತ್ತು ಅಂಗುಲದ ಪರ್ಕಿನ್ಸ್ ಒಬ್ಬನೇ ಹೊವಾರ್ಡ್ ಬೆನ್ನಿಗೆ ತನ್ನ ಎದೆ ಕೊಟ್ಟು ನಿಂತ. ಉಳಿದ ನಾಲ್ವರು ತಮ್ಮ ತಮ್ಮ ಆಟಗಾರರನ್ನು ಬಿಡದೆ ಕಾದರು. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರದ್ದೇ ಸರಣಿ, ಸೆಲ್ಟಿಕ್ಸ್ ಅದನ್ನು 4–2ರಿಂದ ಗೆದ್ದಿತು. ಹೊರಗಿನಿಂದ ಬೀಳದೇ ಹೋದ ಆ ಮೂರು ಮೂರು ಅಂಕಗಳನ್ನು ಪರ್ಕಿನ್ಸ್ ಹೆಸರಿನ ಮುಂದೆ ಬರೆಯುವ ಕಾಲಂ ಯಾವ ಪಟ್ಟಿಯಲ್ಲೂ ಇಲ್ಲ.

ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂಲೆಯಲ್ಲಿ ನಿಂತವನು ಪಾದ ಹಿಡಿದ ಮೇಲೆಯೇ ಉಳಿದವರು ಬಂದು ಬೀಳುವುದು.

ಕಾಲೇಜಿನಲ್ಲಿ ಎತ್ತರದ ಹುಡುಗ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ರಿಂಗಿನ ಕೆಳಗೆ ನಿಲ್ಲಿಸಿದ್ದರು. ಸಿಮೆಂಟ್ ಅಂಗಳ, ಬಿದ್ದರೆ ಮೊಣಕೈ ಸುಲಿದುಹೋಗುತ್ತಿತ್ತು. ಅಲ್ಲಿ ನಿಂತವರಿಗೆ ಗೊತ್ತಿರುವ ಒಂದು ವಿಷಯವಿದೆ. ಎದುರಾಳಿ ಚೆಂಡು ಎಸೆದ ಕ್ಷಣದಲ್ಲಿ ಅಂಗಳದ ಎಲ್ಲರ ಕಣ್ಣೂ ಮೇಲೆ ಹೋಗುತ್ತದೆ. ಸೆಂಟರ್ ಮಾತ್ರ ಚೆಂಡಿನಿಂದ ಕಣ್ಣು ಕೀಳಬೇಕು. ತಾನು ಕಾಯಬೇಕಾದವನು ಎಲ್ಲಿದ್ದಾನೆಂದು ಮುಂಗೈಯಿಂದ ತಡವಿ, ಗಕ್ಕನೆ ತಿರುಗಿ, ಬೆನ್ನನ್ನು ಅವನ ಎದೆಗೆ ಒತ್ತಿ, ಮಂಡಿ ಬಗ್ಗಿಸಿ, ಸೊಂಟ ತಗ್ಗಿಸಿ ನಿಲ್ಲಬೇಕು. ಅವನು ಬೆನ್ನಿಗೆ ಗುದ್ದುತ್ತಾನೆ, ಪಕ್ಕೆಗೆ ಮೊಣಕೈ ಹಾಕುತ್ತಾನೆ. ಕದಲುವಂತಿಲ್ಲ. ಚೆಂಡು ರಿಂಗಿಗೆ ಬಡಿದು ಹೊರಬೀಳುತ್ತದೆ, ಹೊರಗಡೆ ಚೆಂಡು ನಡೆಸುವ ಗಾರ್ಡ್ ಓಡಿ ಬಂದು ಹಾರಿ ಹಿಡಿಯುತ್ತಾನೆ. ರೀಬೌಂಡ್ ಅವನ ಲೆಕ್ಕಕ್ಕೆ. ಸೆಲ್ಟಿಕ್ಸ್ ಗಾರ್ಡ್ ರಾಜನ್ ರೊಂಡೊನಂಥ ಸಣ್ಣ ಆಳು ಹಿಡಿದ ಎಷ್ಟೋ ರೀಬೌಂಡ್‌ಗಳ ಹಿಂದೆ ಪರ್ಕಿನ್ಸ್‌ನ ಬೆನ್ನಿತ್ತು.

ಅವನನ್ನು ರೌಡಿ ಎನ್ನುವವರೂ ಇದ್ದಾರೆ. ಮುಖ ಸದಾ ಗಂಟು ಹಾಕಿಕೊಂಡೇ ಇರುತ್ತಿದ್ದ, ನಿಜ. ಅದೇ ಒರ್ಲಾಂಡೊ ಸರಣಿಯ ಐದನೇ ಪಂದ್ಯದಲ್ಲಿ ಎರಡು ಟೆಕ್ನಿಕಲ್ ಫೌಲ್ (ಅಶಿಸ್ತಿಗೆ ಕೊಡುವ ದಂಡ) ಪಡೆದು ಹೊರನಡೆದ. ಆ ಪ್ಲೇಆಫ್‌ನಲ್ಲಿ ಅವನ ಲೆಕ್ಕ ಏಳಕ್ಕೆ ಮುಟ್ಟಿತು. ಏಳಾದರೆ ಮುಂದಿನ ಪಂದ್ಯಕ್ಕೆ ನಿಷೇಧ. ಲೀಗ್ ದೃಶ್ಯವನ್ನು ಮತ್ತೆ ನೋಡಿ ಎರಡನೆಯದನ್ನು ರದ್ದು ಮಾಡಿತು, ಅವನು ಆರನೇ ಪಂದ್ಯ ಆಡಿದ. ಮುಖ ಗಂಟಿಕ್ಕುವುದನ್ನೇ ಅಪರಾಧವೆಂದು ಎಣಿಸುವವರಿಗೆ ಇಷ್ಟು ಉತ್ತರ ಸಾಕು.

ಇನ್ನು ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ವಿಚಾರ. ತಂಡದ ಮುಖ್ಯಸ್ಥ ಡ್ಯಾನಿ ಐಂಜ್ ಅವರು ಬುದ್ಧಿಗೆಟ್ಟು ಈ ಕೆಲಸ ಮಾಡಿದರು ಎಂದು ನಾನು ಎಲ್ಲಿಯೂ ಹೇಳಿಲ್ಲ, ಹೇಳಿದೆನೆಂದು ದಯವಿಟ್ಟು ಹಬ್ಬಿಸಬೇಡಿ. ಪರ್ಕಿನ್ಸ್‌ನ ಒಪ್ಪಂದ ಆ ಬೇಸಿಗೆಗೆ ಮುಗಿಯುತ್ತಿತ್ತು. ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್‌ನ ಹೊಸ ಒಪ್ಪಂದವನ್ನು ಅವನು ಒಪ್ಪಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ಮಂಡಿ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಪಾಲ್ ಪಿಯರ್ಸ್‌ಗೆ ವಿಶ್ರಾಂತಿ ಕೊಡಲು ಬೆಂಚಿನಲ್ಲಿ ಒಬ್ಬ ಸಮರ್ಥ ಬೇಕಿದ್ದ. ಪೂರ್ವ ವಲಯದ ಎದುರಾಳಿ ಮಯಾಮಿಗೆ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಬಂದಾಗಿತ್ತು. ಸುಮ್ಮನೆ ಬಿಟ್ಟರೆ ಪರ್ಕಿನ್ಸ್ ಬಿಡಿಗಾಸೂ ಬಾರದೆ ಕೈತಪ್ಪುವ ಭಯವಿತ್ತು. ಇವೆಲ್ಲ ಒಪ್ಪುವಂಥ ಕಾರಣಗಳೇ. ಆದರೆ ಅಂದು ತಂಡ 41 ಪಂದ್ಯ ಗೆದ್ದು 14 ಸೋತಿತ್ತು. ಅಂಥ ತಂಡದ ನಡುವನ್ನೇ ಕಿತ್ತು, ಆ ಜಾಗಕ್ಕೆ ಯಾರನ್ನು ನಂಬಿದರು? 38 ದಾಟಿ 39ರ ಹೊಸ್ತಿಲಲ್ಲಿದ್ದ ಶಕೀಲ್ ಓನೀಲ್‌ನ ಕಾಲುಗಳನ್ನು ಮತ್ತು ಜರ್ಮೇನ್ ಓನೀಲ್‌ನ ಮಂಡಿಯನ್ನು. ಎರಡೂ ಆಗಲೇ ವೈದ್ಯರ ಕೈಯಲ್ಲಿದ್ದವು. ಅದೇ ದಿನ ಇನ್ನೊಬ್ಬ ಸೆಂಟರ್ ಸೆಮಿಹ್ ಎರ್ಡೆನ್‌ನನ್ನೂ ಕ್ಲೀವ್‌ಲ್ಯಾಂಡ್‌ಗೆ ಕಳುಹಿಸಿದರು. ನನಗೆ ಹೊಟ್ಟೆ ಉರಿದದ್ದು ಇಲ್ಲಿ. ಆಮೇಲೆ ಶಕೀಲ್ ಆಡಿದ್ದು ಲೀಗ್ ಹಂತದಲ್ಲಿ ಒಂದು ಪಂದ್ಯ, ಮಯಾಮಿ ವಿರುದ್ಧ ಪ್ಲೇಆಫ್‌ನಲ್ಲಿ ಎರಡು. ಟ್ರೇಡ್ ನಂತರ ತಂಡ 15 ಗೆದ್ದು 12 ಸೋತಿತು. ಎರಡನೇ ಸುತ್ತಿನಲ್ಲಿ ಮಯಾಮಿ 4–1ರಿಂದ ಮನೆಗೆ ಕಳುಹಿಸಿತು.

ಪರ್ಕಿನ್ಸ್ ಇದ್ದಿದ್ದರೆ ಮಯಾಮಿಯನ್ನು ಮಣಿಸುತ್ತಿದ್ದರೇ? ಬಹುಶಃ ಇಲ್ಲ. ಮಯಾಮಿಯ ಬಲ ರಿಂಗಿನ ಕೆಳಗೆ ಇರಲಿಲ್ಲ, ಲೆಬ್ರಾನ್ ಮತ್ತು ವೇಡ್ ಓಟದಲ್ಲಿತ್ತು. ಆ ಸರಣಿಯಲ್ಲಿ ರೊಂಡೊನ ಮೊಣಕೈ ಕೀಲು ಬೇರೆ ತಪ್ಪಿತು. ಒಕ್ಲಹೋಮದಲ್ಲಿಯೂ ಪರ್ಕಿನ್ಸ್ ಹಳೆಯ ಪರ್ಕಿನ್ಸ್ ಆಗಿ ಉಳಿಯಲಿಲ್ಲ. 2012ರಲ್ಲಿ ಆ ತಂಡ ಫೈನಲ್ ತಲುಪಿದಾಗ, ಅದೇ ಮಯಾಮಿಯ ವೇಗದ ಎದುರು ಅವನು ತಿಣುಕಿದ. ಇದನ್ನೆಲ್ಲ ನೋಡಿಯೇ ಮಾತನಾಡುತ್ತಿದ್ದೇನೆ. ಹಾಗಾಗಿ ‘ಇದ್ದಿದ್ದರೆ ಗೆಲ್ಲುತ್ತಿದ್ದರಾ’ ಎಂಬ ಪ್ರಶ್ನೆಯನ್ನು ನನ್ನ ಮುಂದೆ ಆಯುಧದಂತೆ ಝಳಪಿಸುವುದು ಬೇಡ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ. ಅವನು ಹೋದ ಮೇಲೆ ಅವನ ಕೆಲಸ ಯಾರ ಮೈಮೇಲೆ ಬಿತ್ತು? ಇದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಬಿದ್ದದ್ದು ಕೆವಿನ್ ಗಾರ್ನೆಟ್ ಮೇಲೆ. ಆ ತಂಡದ ಡಿಫೆನ್ಸಿನ ಜೀವಾಳ ಗಾರ್ನೆಟ್, ಅದರಲ್ಲಿ ಎರಡು ಮಾತಿಲ್ಲ. ಎದುರಾಳಿಯ ಗಾರ್ಡ್ ಸ್ಕ್ರೀನ್ (ಜೊತೆಗಾರ ಅಡ್ಡ ನಿಂತು ಕೊಡುವ ಮರೆ) ಬಳಸಿ ಹೊರಬಂದಾಗ ಗಾರ್ನೆಟ್ ಅಷ್ಟು ದೂರ ಮುನ್ನುಗ್ಗಿ ಅಡ್ಡಗಟ್ಟುತ್ತಿದ್ದ, ಕೂಗಿ ಕೂಗಿ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಬೆನ್ನ ಹಿಂದೆ ರಿಂಗ್ ಕಾಯಲು, ಎದುರು ತಂಡದ ಅತಿ ಭಾರದ ಮೈಯನ್ನು ತಡೆಯಲು ಒಬ್ಬನಿದ್ದಾನೆ ಎಂಬ ಧೈರ್ಯದಿಂದಲೇ ಅವನು ಹಾಗೆ ಮುನ್ನುಗ್ಗಬಹುದಿತ್ತು. ರೊಂಡೊ, ರೇ ಆಲನ್, ಪಿಯರ್ಸ್, ಗಾರ್ನೆಟ್, ಪರ್ಕಿನ್ಸ್ ಐವರೂ ಗಟ್ಟಿಮುಟ್ಟಾಗಿ ಆಡಿದ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಸೆಲ್ಟಿಕ್ಸ್ ಸೋಲಲಿಲ್ಲ. 2008ರಲ್ಲಿ ಪ್ರಶಸ್ತಿ ಗೆದ್ದರು. 2009ರಲ್ಲಿ ಗಾರ್ನೆಟ್‌ನ ಮಂಡಿ ಕೈಕೊಟ್ಟಿತು. 2010ರ ಫೈನಲ್‌ನ ಆರನೇ ಪಂದ್ಯದಲ್ಲಿ ಪರ್ಕಿನ್ಸ್‌ನ ಮಂಡಿ. ಟ್ರೇಡ್ ಆದ ದಿನ, ಮನೆಯ ಒಬ್ಬನನ್ನು ಕಳೆದುಕೊಂಡೆವು ಎಂಬರ್ಥದ ಮಾತನ್ನು ಗಾರ್ನೆಟ್ ಆಡಿದ. ಜನ ಅದನ್ನು ಗೆಳೆತನದ ಭಾವುಕತೆ ಎಂದುಕೊಂಡರು. ನನಗೆ ಅದು ಕೆಲಸಗಾರನೊಬ್ಬನ ಲೆಕ್ಕಾಚಾರದ ಮಾತಾಗಿಯೂ ಕೇಳಿಸಿತು. 2012ರ ಹೊತ್ತಿಗೆ ಕೋಚ್ ಡಾಕ್ ರಿವರ್ಸ್ ಅವರಿಗೆ ಬೇರೆ ದಾರಿಯಿರಲಿಲ್ಲ. ಪವರ್ ಫಾರ್ವರ್ಡ್ ಆಗಿ, ಅಂದರೆ ಸೆಂಟರ್ ಪಕ್ಕದ ಜಾಗದಲ್ಲಿ ಆಡಿ ಬೆಳೆದ ಗಾರ್ನೆಟ್‌ನನ್ನೇ ಸೆಂಟರ್ ಮಾಡಿದರು. ಮೂವತ್ತೈದು ದಾಟಿದ ಆ ಸಪೂರ ಮೈ ರಾತ್ರಿ ರಾತ್ರಿ ತನಗಿಂತ ಭಾರದವರ ಜೊತೆ ತಿಕ್ಕಾಡಿತು. ಅದ್ಭುತವಾಗಿಯೇ ಆಡಿದ, ಪೂರ್ವ ವಲಯದ ಫೈನಲ್‌ನಲ್ಲಿ ಮಯಾಮಿಯನ್ನು ಏಳನೇ ಪಂದ್ಯದವರೆಗೂ ಎಳೆದ. ಅದನ್ನು ನೋಡುವಾಗ ಹೆಮ್ಮೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಬದಲಿಗೆ ಬಂದವರ ಮೇಲೆ ನನಗೆ ಕೋಪವಿಲ್ಲ. ಗ್ರೀನ್ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಇಡೀ ಒಂದು ಋತು ಹೊರಗಿದ್ದು ಮತ್ತೆ ಬಂದು ಆಡಿದ. ಅಂಥವನ ಬಗ್ಗೆ ಹಗುರವಾಗಿ ಮಾತನಾಡಲಾರೆ. ಕ್ರಿಸ್ಟಿಚ್ ಅದೇ ವರ್ಷ ಯುರೋಪಿಗೆ ಮರಳಿದ.

ಐದು ಅಂಕದ ಲೆಕ್ಕ ಹಿಡಿದು ಬರುವವರು ಮೊದಲು ಲೇಕರ್ಸ್ ಎದುರಿನ 2010ರ ಫೈನಲ್‌ನ ಏಳನೇ ಪಂದ್ಯವನ್ನು ಕೂತು ನೋಡಿ. ನಾವು ಬೆಂಗಳೂರಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಅದನ್ನು ನೋಡಿದೆವು. ಪರ್ಕಿನ್ಸ್ ಅಂದು ಆಡಲಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಸೆಲ್ಟಿಕ್ಸ್ 13 ಅಂಕ ಮುಂದಿತ್ತು. ಕೋಬಿ ಬ್ರಯಂಟ್ 24 ಬಾರಿ ಎಸೆದು ಬರೀ ಆರು ಸಲ ಬುಟ್ಟಿಗೆ ಹಾಕಿದ, ಲೇಕರ್ಸ್ ತಂಡದ ಎಸೆತಗಳಲ್ಲಿ ಮೂರನೇ ಒಂದು ಭಾಗವೂ ಒಳಗೆ ಹೋಗಲಿಲ್ಲ. ಆದರೂ 83–79ರಿಂದ ಗೆದ್ದವರು ಅವರೇ. ತಾವು ಎಸೆದು ತಪ್ಪಿದ ಚೆಂಡನ್ನು ಮತ್ತೆ ತಾವೇ ಹಿಡಿದದ್ದು 23 ಸಲ, ಅದರಲ್ಲಿ ಪಾವ್ ಗಸೋಲ್ ಒಬ್ಬನೇ ಒಂಬತ್ತು. ಪ್ರತಿ ಸಲ ಚೆಂಡು ರಿಂಗಿಗೆ ಬಡಿದಾಗ ವಿಡಿಯೊ ನಿಲ್ಲಿಸಿ, ಗಸೋಲ್‌ನ ಎದೆಗೆ ಬೆನ್ನು ಕೊಟ್ಟು ಯಾರು ನಿಂತಿದ್ದಾರೆ ಎಂದು ಹುಡುಕಿ. ಸಿಕ್ಕರೆ ನನಗೆ ಹೇಳಿ.