ನಲವತ್ತು ಕಟ್ಟಿನ ಹಾಡು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ನಮ್ಮ ಹಳೆಯ ಮನೆಯ ಮಾಡಿನಿಂದ ಹಂಚೊಂದು ಜಾರಿತ್ತು. ತೊಳೆದು ನೋಡಿದರೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂಬ ಅಚ್ಚು. ಹಂಚಿನ ಕಾರ್ಖಾನೆಯವರ ಬದುಕಿನ ಮೇಲೆ ಮಂಗಳೂರಿನ ಪುರಭವನದಲ್ಲಿ ಸಂಗೀತ ನಾಟಕವೊಂದಿದೆ ಎಂದು ತಿಳಿದಾಗ ಆ ಅಚ್ಚೇ ಕಣ್ಣಮುಂದೆ ಬಂದಿತು. ಚಿಕ್ಕಮ್ಮನನ್ನೂ ಹೊರಡಿಸಿದೆ. ಮೂಡುಬಿದಿರೆಯ ಬಳಿ ಹುಟ್ಟಿದ ಅವರು, ಮದುವೆಯಾಗಿ ಘಟ್ಟ ಹತ್ತುವವರೆಗೂ ಬೀಡಿ ಕಟ್ಟಿದವರು.

ಆಗುಂಬೆಯ 14 ತಿರುವುಗಳನ್ನು ಇಳಿದು, ಹೆಬ್ರಿ, ಕಾರ್ಕಳ ದಾಟಿದೆವು. ಮೂಡುಬಿದಿರೆ ಬರುತ್ತಲೇ ಚಿಕ್ಕಮ್ಮ, ಕಟ್ಟಿದ ಬೀಡಿಯನ್ನು ಒಪ್ಪಿಸುತ್ತಿದ್ದ ತಮ್ಮ ಹಳೆಯ ಬೀಡಿ ಬ್ರಾಂಚನ್ನು ಕಿಟಕಿಯಿಂದ ಹುಡುಕಿದರು. ಸಿಗಲಿಲ್ಲ. ಗುರುಪುರದ ಸೇತುವೆಯ ಮೇಲೆ ನಾನು ಹೊಳೆಯನ್ನೇ ನೋಡುತ್ತಿದ್ದೆ. ಈ ಹೊಳೆ ಮತ್ತು ನೇತ್ರಾವತಿಯ ದಂಡೆಗಳ ಜೇಡಿಮಣ್ಣು ಸುಟ್ಟು ಹಂಚಾಗಿ ಎಷ್ಟು ಊರುಗಳ ತಲೆ ಕಾಯ್ದಿದೆ!

ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು, ದಲಿತ ಮಕ್ಕಳಿಗೆ ಶಾಲೆ ತೆರೆದವರು ಅವರು. ಇಂಥ ನಾಟಕಕ್ಕೆ ಇದಕ್ಕಿಂತ ಒಪ್ಪುವ ಸ್ಥಳ ಬೇರೊಂದಿಲ್ಲ ಎನಿಸಿತು.

ಮೊದಲ ಹಾಡಿನ ಮಾತುಗಳನ್ನು ಚೆಂಡೆಯ ಅಬ್ಬರ ನುಂಗಿಬಿಟ್ಟಿತು. ಆಮೇಲೆ ಕಥೆ ಹಿಡಿತಕ್ಕೆ ಸಿಕ್ಕಿತು. ಮನೆಗಳಿಗೆ ಕಾಂಕ್ರೀಟ್ ತಾರಸಿ ಬಂದು, ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಗಿ, ಕಾರ್ಖಾನೆಯ ಗೂಡು ಆರುತ್ತದೆ. ಅಪ್ಪ ಜಗಲಿಯಲ್ಲಿ ಕೂರುತ್ತಾನೆ. ಮಗ ಗಲ್ಫ್ ವೀಸಾಕ್ಕಾಗಿ ಅಲೆಯುತ್ತಾನೆ. ವೀಸಾ ಏಜೆಂಟನ ಹಾಸ್ಯದ ಹಾಡನ್ನು ಅರ್ಧಕ್ಕೆ ಇಳಿಸಬಹುದಿತ್ತು. ಮಗಳಿಗೆ ಕಾಲೇಜು ಸೇರುವ ಆಸೆ. ಮನೆ ನಡೆಯುವುದು ಅಮ್ಮನ ಬೀಡಿಯಿಂದ.

ಆ ಅಮ್ಮನ ಹಾಡಿಗಾಗಿ ನಾನು ಇನ್ನೊಮ್ಮೆ ಘಟ್ಟ ಇಳಿಯುತ್ತೇನೆ. ಮಡಿಲಲ್ಲಿ ಗೆರಸೆ, ಎಲೆ ಕತ್ತರಿಸುವ ಕತ್ತರಿಯ ಸದ್ದೇ ತಾಳ. ಹಾಡೆಂದರೆ ಬರೀ ಎಣಿಕೆ: ಒಂದು ಕಟ್ಟು, ಎರಡು ಕಟ್ಟು. ಒಂದೊಂದು ಕಟ್ಟಿನ ನಡುವೆ ಒಂದೊಂದು ಖರ್ಚು ಬರುತ್ತದೆ, ಅಕ್ಕಿ, ಸೀಮೆಎಣ್ಣೆ, ಮಗಳ ಫೀಸು. ಶ್ರುತಿ ಏರುತ್ತಾ ನಲವತ್ತು ತಲುಪುತ್ತದೆ. ಬ್ರಾಂಚಿನವನು ಎರಡು ಕಟ್ಟನ್ನು ಸರಿಯಿಲ್ಲವೆಂದು ಬದಿಗೆ ತಳ್ಳುತ್ತಾನೆ. ಹಾರ್ಮೋನಿಯಂ ನಿಲ್ಲುತ್ತದೆ. ಆಕೆ ಶ್ರುತಿಯಿಲ್ಲದೆ, ಮಾತಿನಂತೆ, ‘ಮೂವತ್ತೆಂಟು’ ಎನ್ನುತ್ತಾಳೆ.

ಇಡೀ ಸಭಾಂಗಣ ಸ್ತಬ್ಧವಾಯಿತು. ಚಿಕ್ಕಮ್ಮ ನನ್ನ ಕಿವಿಯ ಬಳಿ ಬಾಗಿ, “ಕಟ್ಟಿಗೆ ಇಪ್ಪತ್ತೈದು ಬೀಡಿ. ಸಾವಿರವಾಗಲು ನಲವತ್ತು ಬೇಕು. ಎರಡು ಹೋದರೆ ಆ ದಿನ ಮೀನಿಲ್ಲ” ಎಂದರು. ಕತ್ತಲಲ್ಲಿಯೂ ಅವರ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಿದ್ದುದು ಕಾಣುತ್ತಿತ್ತು. ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ, ಬೆರಳು ಮಾತ್ರ ಕೆಲಸ ಮರೆತಿರಲಿಲ್ಲ.

ಮಗಳ ಫೀಸು ಕಟ್ಟಿದರೋ ಇಲ್ಲವೋ ಎಂಬುದನ್ನು ಹೇಳದೆಯೇ ನಾಟಕ ಮುಗಿಯಿತು. ಹಂಪನಕಟ್ಟೆಯತ್ತ ನಡೆಯುತ್ತಾ ನಾನು ಅದನ್ನೇ ಎತ್ತಿದೆ.

“ಕಟ್ಟಿರುತ್ತಾರೆ” ಎಂದರು ಚಿಕ್ಕಮ್ಮ, ನಡಿಗೆ ನಿಧಾನಿಸದೆ. “ತಮ್ಮನ ಫೀಸನ್ನು ನಾನು ಕಟ್ಟಿರಲಿಲ್ಲವೇ?”

ಮಾವ ಮೇಷ್ಟರಾಗಿ ನಿವೃತ್ತರಾದವರು. ಅವರನ್ನು ಓದಿಸಿದ್ದು ಯಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ.